ಹೆಡ್ ಬಿಚ್ಚುವ ಮುನ್ನ: ದೊಡ್ಡ ಎಂಜಿನ್ ದುರಸ್ತಿಯೊಂದರ ನಿರ್ಧಾರ ಮತ್ತು ಕೆಲಸದ ಟಿಪ್ಪಣಿ

ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗುತ್ತಲೇ ಇದ್ದು ಕಾರಿನಡಿಯ ನೆಲ ಮಾತ್ರ ಒಣಗಿಯೇ ಇದ್ದರೆ, ಆ ದ್ರವ ಎಂಜಿನ್ನಿನ ಒಳಗೇ ಎಲ್ಲೋ ಸೇರುತ್ತಿದೆ ಎಂದು ಮೊದಲು ಸಂಶಯಪಡಬೇಕಾಗುತ್ತದೆ. ನಾಲ್ಕು ಸಿಲಿಂಡರುಗಳ ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಮೊದಲು ಕಂಡ ಲಕ್ಷಣ ಇದೇ ಆಗಿತ್ತು. ಆಮೇಲೆ ಉಳಿದವೂ ಒಂದೊಂದಾಗಿ ಸೇರಿಕೊಂಡವು: ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಒಂದು ಸಿಲಿಂಡರ್ ಮಿಸ್ ಆಗುವುದು, ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುವುದು, ಏರುರಸ್ತೆಯಲ್ಲಿ ಉಷ್ಣತೆಯ ಮುಳ್ಳು ಎಂದಿನ ಜಾಗವನ್ನು ಬಿಟ್ಟು ಮೇಲೇರುವುದು. ಎಂಜಿನ್ ಇನ್ನೂ ಬಿಸಿಯೇರದಿದ್ದಾಗಲೇ ರೇಡಿಯೇಟರಿನ ಮೇಲಿನ ಹೋಸ್ ಗಟ್ಟಿಯಾಗಿ ಉಬ್ಬಿಕೊಳ್ಳುವುದನ್ನು ಗಮನಿಸಿದ ಮೇಲೆ, ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್, ಇವೆರಡರ ನಡುವಿನ ಸೋರಿಕೆ ತಡೆಯುವ ಹಾಳೆ) ಕೆಟ್ಟಿರಬಹುದೆಂಬ ಊಹೆ ಬಹುಮಟ್ಟಿಗೆ ಖಚಿತವಾಯಿತು.

ಈ ಕೆಲಸವನ್ನು ನಾನೇ ಮಾಡಬೇಕೆ, ಗ್ಯಾರೇಜಿಗೆ ಒಪ್ಪಿಸಬೇಕೆ ಎಂಬುದು ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಧೈರ್ಯದ ಅಥವಾ ಹಣದ ಪ್ರಶ್ನೆಯಾಗಿ ನೋಡುತ್ತಾರೆ. ನನಗೆ ಇವೆರಡೂ ಸಾಲವೆನಿಸಿದ್ದರಿಂದ ಬೇರೊಂದು ಮಾನದಂಡವನ್ನು ಇಟ್ಟುಕೊಂಡೆ. ಬೋಲ್ಟ್ ಬಿಚ್ಚುವುದು ಮತ್ತು ಬಿಗಿಯುವುದು ತಾಳ್ಮೆಯಿರುವ ಯಾರಿಗೂ ಸಾಧ್ಯವಾಗುವ ಕೆಲಸ. ಆದರೆ ಮಾಡಿದ್ದು ಸರಿಯಾಗಿದೆಯೆಂದು ಎಂಜಿನ್ ಚಾಲೂ ಮಾಡುವ ಮೊದಲೇ ನಾನು ಅಳೆದು ಹೇಳಬಲ್ಲೆನೆ? ಅಳೆದು ಹೇಳಬಹುದಾದ ಕೆಲಸವನ್ನು ನಾನು ಮಾಡುವುದು, ಅಳೆಯಲಾಗದ್ದನ್ನು ಅಳೆಯಬಲ್ಲವರಿಗೆ ಕೊಡುವುದು ಎಂದು ಗೆರೆ ಎಳೆದುಕೊಂಡೆ. ಮುಂದಿನ ಪ್ರತಿಯೊಂದು ಹೆಜ್ಜೆಯನ್ನೂ ಈ ಗೆರೆಯ ಮೇಲೆಯೇ ತೀರ್ಮಾನಿಸಿದ್ದೇನೆ.

ಮೊದಲು ರೋಗನಿದಾನ

ಹೆಡ್ ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಗಳು ಹಲವಿವೆ ಮತ್ತು ಅವೆಲ್ಲವನ್ನೂ ಮುಗಿಸುವವರೆಗೆ ಸ್ಪ್ಯಾನರ್ ಹಿಡಿಯಬಾರದೆಂಬುದು ನನ್ನ ಬಲವಾದ ಅಭಿಪ್ರಾಯ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನಂಥ ಕೆನೆ ಕಂಡರೆ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಪು ಕೊಟ್ಟುಬಿಡುವವರಿದ್ದಾರೆ. ಕಾರನ್ನು ಬರೀ ಸಣ್ಣ ಸಣ್ಣ ದೂರಕ್ಕೆ ಓಡಿಸಿದರೆ ಒಳಗಿನ ತೇವಾಂಶ ಆವಿಯಾಗದೆ ಅಲ್ಲಿಯೇ ಕೂತು ಅಂಥ ಕೆನೆಯನ್ನುಂಟುಮಾಡಬಲ್ಲದು. ನನ್ನ ಎಂಜಿನ್ನಿನಲ್ಲಿ ಇದಕ್ಕೆ ತದ್ವಿರುದ್ಧ ಸ್ಥಿತಿಯಿತ್ತು. ಡಿಪ್‌ಸ್ಟಿಕ್ಕಿನ ಆಯಿಲ್ ಶುದ್ಧವಾಗಿಯೇ ಇತ್ತು, ಆದರೂ ಗ್ಯಾಸ್ಕೆಟ್ ಸೋರುತ್ತಿತ್ತು. ಗ್ಯಾಸ್ಕೆಟ್ ಯಾವ ಎರಡು ಜಾಗಗಳ ನಡುವೆ ಹರಿದಿದೆ ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ದಹನಕೋಣೆಗೂ ನೀರಿನ ದಾರಿಗೂ ನಡುವೆ ಹರಿದರೆ ಆಯಿಲ್ ಕೆಡಲೇಬೇಕೆಂದಿಲ್ಲ.

ಮೊದಲಿಗೆ ದಹನಾನಿಲದ ರಾಸಾಯನಿಕ ಪರೀಕ್ಷೆ ಮಾಡಿದೆ. ರೇಡಿಯೇಟರಿನ ಬಾಯಿಗೆ ಒಂದು ಗಾಜಿನ ನಳಿಗೆಯನ್ನು ಕೂರಿಸಿ, ಅದರಲ್ಲಿ ನೀಲಿ ದ್ರವ ಹಾಕಿ, ಎಂಜಿನ್ ಓಡುತ್ತಿರುವಾಗ ಕೂಲೆಂಟಿನ ಮೇಲಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯಬೇಕು. ಆ ಗಾಳಿಯಲ್ಲಿ ದಹನದಿಂದ ಬಂದ ಇಂಗಾಲದ ಡೈಆಕ್ಸೈಡ್ ಇದ್ದರೆ ದ್ರವ ಆಮ್ಲೀಯವಾಗಿ ನೀಲಿಯಿಂದ ಹಳದಿಗೆ ತಿರುಗುತ್ತದೆ. ನನ್ನದು ಹಸಿರಾಗಿ ನಿಧಾನವಾಗಿ ಹಳದಿಯಾಯಿತು. ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗಲೇ ತೆಗೆಯಬೇಕೆಂಬುದನ್ನು ಹೇಳದೆ ಮುಂದೆ ಹೋಗಲಾರೆ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಎರಚುತ್ತದೆ.

ನಂತರ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನಲ್ಲಿ ಪಿಸ್ಟನ್ ಎಷ್ಟು ಒತ್ತಡ ಏರಿಸುತ್ತದೆಂದು ಅಳೆಯುವುದು. ಎಂಜಿನ್ ಬಿಸಿಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಇಂಧನ ಮತ್ತು ಇಗ್ನಿಷನ್ ಸಂಪರ್ಕಗಳನ್ನು ಕಡಿದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದಾಗ ಬಂದ ಅಂಕಿಗಳು ಕ್ರಮವಾಗಿ 12.4, 12.2, 9.8 ಮತ್ತು 12.3 ಬಾರ್. ಇಲ್ಲಿ ಒಂದೊಂದು ಅಂಕಿಗಿಂತ ಅವುಗಳ ನಡುವಿನ ಅಂತರ ಮುಖ್ಯ. ಮೂರನೆಯ ಸಿಲಿಂಡರ್ ಐದನೆಯ ಒಂದು ಭಾಗದಷ್ಟು ಕೆಳಗಿತ್ತು. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದರೂ ಅಂಕಿ ಏರಲಿಲ್ಲ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿ ಒತ್ತಡ ಏರಬೇಕಿತ್ತು. ಹಾಗಾಗಿ ದೋಷ ರಿಂಗಿನಿಂದ ಮೇಲಕ್ಕಿದೆ ಎಂದಾಯಿತು: ವಾಲ್ವಿನಲ್ಲಿ, ಗ್ಯಾಸ್ಕೆಟ್ಟಿನಲ್ಲಿ, ಇಲ್ಲವೆ ಹೆಡ್ಡಿನ ಬಿರುಕಿನಲ್ಲಿ.

ವಾಲ್ವೋ ಗ್ಯಾಸ್ಕೆಟ್ಟೋ ಎಂಬುದನ್ನು ಬಿಡಿಸಿದ್ದು ಲೀಕ್‌ಡೌನ್ ಪರೀಕ್ಷೆ. ಮೂರನೆಯ ಪಿಸ್ಟನ್ ಅನ್ನು ಕಂಪ್ರೆಷನ್ ಹೊಡೆತದ ತುತ್ತತುದಿಯಲ್ಲಿ ನಿಲ್ಲಿಸಿ ಪ್ಲಗ್ಗಿನ ರಂಧ್ರದಿಂದ ಕಂಪ್ರೆಸರಿನ ಗಾಳಿ ಬಿಟ್ಟರೆ ಸೋರಿಕೆ ತನ್ನ ದಾರಿಯನ್ನು ತಾನೇ ತೋರಿಸುತ್ತದೆ. ಸೈಲೆನ್ಸರಿನ ಕೊನೆಯಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರಿನ ಕಡೆ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಮುಚ್ಚಳದ ಬಾಯಲ್ಲಾದರೆ ರಿಂಗ್. ನನಗೆ ಈ ಮೂರು ಕಡೆಗಳಲ್ಲೂ ಗಮನಕ್ಕೆ ಬರುವಂಥ ಸದ್ದು ಕೇಳಲಿಲ್ಲ. ರೇಡಿಯೇಟರಿನ ಬಾಯಲ್ಲಿ ಮಾತ್ರ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು.

ಕೆಳಗಿನ ಅರ್ಧದ ವಿಚಾರ

ಇಲ್ಲಿಗೆ ದೋಷ ಗ್ಯಾಸ್ಕೆಟ್ಟಿನಲ್ಲಿ, ಇಲ್ಲವೆ ಹೆಡ್ಡಿನ ಬಿರುಕಿನಲ್ಲಿ ಎಂಬುದು ಸಾಬೀತಾಯಿತು. ಆದರೆ ನಿರ್ಧಾರಕ್ಕೆ ಇಷ್ಟೇ ಸಾಲದು. ಎಂಜಿನ್ನಿನ ಮೇಲಿನ ಅರ್ಧವನ್ನು ಹೊಸದಾಗಿಸಿ, ಸವೆದುಹೋದ ಕೆಳಗಿನ ಅರ್ಧದ ಮೇಲೆ ಕೂರಿಸುವುದು ವ್ಯರ್ಥ. ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಬೇರಿಂಗುಗಳ ಸಂದು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು. ಸಿಲಿಂಡರಿನ ಗೋಡೆ ಮೊಟ್ಟೆಯಾಕಾರವಾಗಿ ಸವೆದಿದೆಯೇ ಎಂಬುದನ್ನು ಒಳವ್ಯಾಸ ಅಳೆಯುವ ಬೋರ್ ಗೇಜ್ ಇಲ್ಲದೆ ಹೇಳಲಾಗದು. ಈ ಅಳತೆಗಳು ನನ್ನ ಗೆರೆಯ ಆಚೆಗಿನವು. ಅದಕ್ಕಾಗಿ ಹೆಡ್ಡಿನ ಯೋಚನೆಗೆ ಮೊದಲೇ ಆಯಿಲ್ ಪ್ರೆಷರ್ ಸ್ವಿಚ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿ, ಎಂಜಿನ್ ಹದವಾಗಿ ಬಿಸಿಯಾದ ಮೇಲೆ ಒತ್ತಡ ನೋಡಿದೆ. ಪ್ರತಿ 1000 ಆರ್‌ಪಿಎಂಗೆ ಸುಮಾರು 0.7 ಬಾರ್ ಇರಬೇಕೆಂಬುದು ಮೆಕ್ಯಾನಿಕ್‌ಗಳು ಬಹಳ ಕಾಲದಿಂದ ಬಳಸುತ್ತಿರುವ ಸ್ಥೂಲ ಲೆಕ್ಕ. ನನ್ನ ಎಂಜಿನ್ ಐಡ್ಲಿಂಗಿನಲ್ಲಿಯೂ ಏರಿದ ವೇಗದಲ್ಲಿಯೂ ಅದಕ್ಕಿಂತ ಮೇಲೆಯೇ ಇತ್ತು, ತಯಾರಕರ ಮಿತಿಯೊಳಗೂ ಇತ್ತು. ಉಳಿದ ಮೂರು ಸಿಲಿಂಡರುಗಳ ಕಂಪ್ರೆಷನ್ ಸಮವಾಗಿತ್ತು, ನೀಲಿ ಹೊಗೆ ಇರಲಿಲ್ಲ, ಕೆಳಗಿನಿಂದ ಕುಟ್ಟುವ ಸದ್ದೂ ಇರಲಿಲ್ಲ. ಇವುಗಳಲ್ಲಿ ಯಾವುದಾದರೊಂದು ಕೆಟ್ಟಿದ್ದರೂ ಕಾರನ್ನು ಗ್ಯಾರೇಜಿಗೆ ಒಪ್ಪಿಸುತ್ತಿದ್ದೆ, ಇಲ್ಲವೆ ಎಂಜಿನ್ನನ್ನೇ ಬದಲಿಸುವ ಲೆಕ್ಕ ಹಾಕುತ್ತಿದ್ದೆ.

ಬದಲಿ ದಾರಿಗಳನ್ನೂ ತೂಗಿ ನೋಡಿದೆ. ಕೂಲೆಂಟಿಗೆ ಸುರಿಯುವ ಸೋರಿಕೆ ನಿಲ್ಲಿಸುವ ದ್ರಾವಣಗಳಲ್ಲಿ ಹಲವು ಸೋಡಿಯಂ ಸಿಲಿಕೇಟಿನವು. ಶಾಖ ಹೆಚ್ಚಿರುವ ಸಂದಿನಲ್ಲಿ ಗಾಜಿನಂತೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತವೆ. ಮಾರಿಬಿಡುವ ಕಾರಿಗೆ ಅದು ಆಮಿಷವಾಗಬಹುದು, ಇಟ್ಟುಕೊಳ್ಳುವ ಕಾರಿಗೆ ಅಪಾಯ, ಏಕೆಂದರೆ ಹೀಟರಿನ ಮತ್ತು ರೇಡಿಯೇಟರಿನ ಸಣ್ಣ ನಳಿಕೆಗಳೂ ಕಟ್ಟಿಕೊಳ್ಳಬಲ್ಲವು. ಹಳೆಯ ಎಂಜಿನ್ ತಂದು ಹಾಕುವುದು ಕೆಲಸದಲ್ಲಿ ಬೇಗ ಮುಗಿಯುತ್ತದೆ, ಆದರೆ ಆ ಎಂಜಿನ್ ಎಷ್ಟು ಕಾದು ಬಂದಿದೆಯೆಂದು ತಿಳಿಯುವ ದಾರಿಯಿಲ್ಲ. ಖರ್ಚಿನ ಲೆಕ್ಕದಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಗ್ಯಾಸ್ಕೆಟ್ ಸೆಟ್, ಬೋಲ್ಟ್‌ಗಳು, ಬೆಲ್ಟ್, ಕೂಲೆಂಟ್, ಆಯಿಲ್, ಲೇತ್ ಅಂಗಡಿಯ ಕೆಲಸ ಇವು ಯಾರು ಮಾಡಿದರೂ ತಪ್ಪುವುದಿಲ್ಲ. ಉಳಿಯುವುದು ಬಿಚ್ಚಿ ಜೋಡಿಸುವ ಕೂಲಿ ಮಾತ್ರ, ಅದರಿಂದ ಹೊಸ ಉಪಕರಣಗಳ ಬೆಲೆಯನ್ನೂ ಕಾರು ನಿಂತಿರುವ ಕಾಲದ ಅನನುಕೂಲವನ್ನೂ ಕಳೆಯಬೇಕು. ದಿನವೂ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕಾದವರು ಈ ಕೆಲಸ ಹಿಡಿಯಬಾರದೆಂದೇ ಹೇಳುತ್ತೇನೆ, ಏಕೆಂದರೆ ಅವಸರವಿರುವವರು ಅಳತೆಗಳನ್ನು ಹಾರಿಸುತ್ತಾರೆ.

ಆ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನ್ಯುಯಲ್, ಸರಿಯಾದ ಟಾರ್ಕ್ ರೆಂಚ್ (ಬಿಗಿಯುವ ತಿರುಚುಬಲವನ್ನು ತೋರಿಸುವ ಸ್ಪ್ಯಾನರ್), ಕೋನ ಅಳೆಯುವ ಗೇಜ್, ಯಂತ್ರದಲ್ಲಿ ನೇರಗೊಳಿಸಿದ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ), ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು), ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ಅಲುಗದಂತೆ ಹಿಡಿಯುವ ಲಾಕಿಂಗ್ ಉಪಕರಣ ಇವಿಷ್ಟೂ ಕೈಯಲ್ಲಿಲ್ಲದೆ ಆರಂಭಿಸಲಿಲ್ಲ. ಬೇರೆ ಎಂಜಿನ್ನಿನ ಅಂಕಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಈ ಟಿಪ್ಪಣಿಯಲ್ಲಿರುವ ಟಾರ್ಕ್ ಅಂಕಿಗಳನ್ನೂ ಯಾರೂ ಎತ್ತಿಕೊಂಡು ಬಳಸಬಾರದು.

ಬಿಚ್ಚುವ ಮೊದಲೇ ಪುಸ್ತಕದಲ್ಲಿ ನಿಲ್ಲುವ ಜಾಗಗಳನ್ನು ಬರೆದಿಟ್ಟೆ. ಬ್ಲಾಕಿನ ಮೇಲ್ಮೈ ಮಿತಿ ಮೀರಿ ಬಾಗಿದ್ದರೆ ನಿಲ್ಲಬೇಕು, ಏಕೆಂದರೆ ಆಗ ಎಂಜಿನ್ ಕೆಳಗಿಳಿಸಿ ಬ್ಲಾಕನ್ನೇ ಯಂತ್ರಕ್ಕೆ ಕೊಡಬೇಕಾಗುತ್ತದೆ. ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ಸಿಗುವ ಗೀರಿದ್ದರೆ ನಿಲ್ಲಬೇಕು. ಹೆಡ್ಡಿನಲ್ಲಿ ಬಿರುಕಿದೆಯೆಂದು ಲೇತ್ ಅಂಗಡಿಯವರು ಹೇಳಿದರೆ ಹೊಸ ಹೆಡ್ಡಿನ ಬೆಲೆ ಕೇಳಿದ ಮೇಲಷ್ಟೇ ಮುಂದಿನ ಮಾತು. ಅರ್ಧ ಬಿಚ್ಚಿದ ಮೇಲೆ ಇದನ್ನೆಲ್ಲ ಯೋಚಿಸಲು ಹೊರಟರೆ ಮನಸ್ಸು ಕೆಲಸ ಮುಂದುವರಿಸುವ ಕಡೆಗೇ ವಾಲುತ್ತದೆ. ಇನ್ನೊಬ್ಬರು ಬಿಚ್ಚಿ ಡಬ್ಬಿಗಳಲ್ಲಿ ತುಂಬಿಟ್ಟ ಎಂಜಿನ್ನನ್ನು ಜೋಡಿಸಿಕೊಡಲು ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅವರ ಈ ನಿರಾಕರಣೆ ನ್ಯಾಯವಾದದ್ದೂ ಹೌದು. ಹೀಗಾಗಿ ಹಿಂತಿರುಗುವ ದಾರಿ ನಿಜವಾಗಿ ಮುಚ್ಚುವುದು ಹೆಡ್ ಬೋಲ್ಟಿಗೆ ಕೈ ಹಾಕಿದಾಗ.

ಬಿಚ್ಚುವಿಕೆ

ಬ್ಯಾಟರಿಯ ಋಣ ತುದಿ ಕಳಚುವುದು, ಇಂಧನ ಕೊಳವೆಯ ಒತ್ತಡ ಇಳಿಸುವುದು, ಕೂಲೆಂಟನ್ನು ಪಾತ್ರೆಗೆ ಹಿಡಿಯುವುದು ಇವುಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಬೆಕ್ಕುಗಳೂ ನೆಕ್ಕಬಹುದು, ಅದು ಅವುಗಳಿಗೆ ಮಾರಕ ವಿಷ. ಪಾತ್ರೆಗೆ ತಕ್ಷಣ ಮುಚ್ಚಳ ಹಾಕಿಡಬೇಕು. ಕಾರನ್ನು ಎತ್ತಿದಾಗಲೆಲ್ಲ ಸ್ಟ್ಯಾಂಡುಗಳ ಮೇಲೆಯೇ ನಿಲ್ಲಿಸಿದೆ, ಜ್ಯಾಕನ್ನು ನಂಬಿ ಅಡಿಗೆ ಹೋಗಲಿಲ್ಲ. ಪ್ರತಿ ಕನೆಕ್ಟರಿಗೂ ಹೋಸಿಗೂ ಅಂಕಿ ಬರೆದ ಟೇಪ್ ಸುತ್ತಿ, ಬಿಚ್ಚುವ ಮೊದಲು ಚಿತ್ರ ತೆಗೆದೆ. ಬೋಲ್ಟ್‌ಗಳನ್ನು ರಟ್ಟಿನ ಹಾಳೆಯ ಮೇಲೆ ಆ ಭಾಗದ ಆಕಾರ ಬರೆದು ಅದದೇ ಜಾಗದಲ್ಲಿ ಚುಚ್ಚಿಟ್ಟೆ, ಏಕೆಂದರೆ ನೋಡಲು ಒಂದೇ ತರಹದ ಬೋಲ್ಟ್‌ಗಳ ಉದ್ದ ಬೇರೆ ಇರುತ್ತದೆ, ಉದ್ದದ್ದನ್ನು ಗಿಡ್ಡ ರಂಧ್ರಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಒಡೆಯುತ್ತದೆ.

ಹೆಚ್ಚು ಕಾಡಿದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್‌ಗಳು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬಿಗಿಯುವ ದಿಕ್ಕಿಗೊಮ್ಮೆ ಸಡಿಲಿಸುವ ದಿಕ್ಕಿಗೊಮ್ಮೆ ಸ್ವಲ್ಪ ಸ್ವಲ್ಪವೇ ಆಡಿಸಿದಾಗ ಹೆಚ್ಚಿನವು ಬಂದವು. ಒಂದು ಸ್ಟಡ್ ತುಂಡಾಯಿತು. ಹೆಡ್ ಹೇಗೂ ಲೇತ್ ಅಂಗಡಿಗೆ ಹೋಗುವುದರಿಂದ ಅದನ್ನು ತೆಗೆಯುವ ಕೆಲಸವನ್ನು ಅವರ ಪಟ್ಟಿಗೆ ಸೇರಿಸಿದೆ.

ಕ್ರ್ಯಾಂಕಿನ ಜೊತೆ ಕ್ಯಾಮನ್ನು ಹೊಂದಿಸಿ ತಿರುಗಿಸುವ ಟೈಮಿಂಗ್ ಬೆಲ್ಟ್ ತೆಗೆಯುವ ಮುನ್ನ ಒಂದನೆಯ ಸಿಲಿಂಡರನ್ನು ತುತ್ತತುದಿಗೆ ತಂದು, ಕ್ರ್ಯಾಂಕ್ ಮತ್ತು ಕ್ಯಾಮ್ ಎರಡರ ಗುರುತುಗಳೂ ಕೂಡಿದ್ದನ್ನು ನೋಡಿ ಲಾಕ್ ಮಾಡಿದೆ. ನನ್ನದು ಪಿಸ್ಟನ್ನಿನ ದಾರಿಗೆ ವಾಲ್ವ್‌ಗಳು ಅಡ್ಡ ಬರಬಲ್ಲ ವಿನ್ಯಾಸದ ಎಂಜಿನ್. ಟೈಮಿಂಗ್ ತಪ್ಪಿದರೆ ವಾಲ್ವ್ ಬಾಗುತ್ತದೆ. ಹೆಡ್ ಬೋಲ್ಟ್‌ಗಳನ್ನು ಪೂರ್ತಿ ತಣ್ಣಗಿರುವ ಎಂಜಿನ್ನಿನಲ್ಲಿ, ಹೊರಗಿನಿಂದ ನಡುವಿಗೆ ಬರುವ ಕ್ರಮದಲ್ಲಿ, ಹಲವು ಸುತ್ತುಗಳಲ್ಲಿ ಸಡಿಲಿಸಿದೆ. ಹೆಡ್ಡನ್ನು ಎತ್ತುವಾಗ ಇನ್ನೊಬ್ಬರು ಜೊತೆಗಿದ್ದರು. ಭಾರಕ್ಕಿಂತ ಹೆಚ್ಚಾಗಿ, ವಾಲಿಸದೆ ನೇರವಾಗಿ ಮೇಲೆತ್ತಬೇಕಾದ್ದರಿಂದ ಎರಡು ಜೊತೆ ಕೈ ಬೇಕು.

ಮೂರನೆಯ ಪಿಸ್ಟನ್ನಿನ ತಲೆ ಉಳಿದವುಗಳ ನಡುವೆ ಬೆಳ್ಳಗೆ ಹೊಳೆಯುತ್ತಿತ್ತು. ಸೋರಿದ ಕೂಲೆಂಟ್ ಆವಿಯಾಗಿ ಅಲ್ಲಿನ ಮಸಿಯನ್ನೆಲ್ಲ ತೊಳೆದುಬಿಟ್ಟಿತ್ತು. ಅದಕ್ಕೆ ನೇರವಾಗಿ ಗ್ಯಾಸ್ಕೆಟ್ಟಿನಲ್ಲಿ ಬೆಂಕಿಯ ಉಂಗುರದಿಂದ (ಸಿಲಿಂಡರಿನ ಬಾಯಿ ಸುತ್ತಲಿನ ಲೋಹದ ಅಂಚು) ನೀರಿನ ರಂಧ್ರದವರೆಗೆ ಕಪ್ಪು ಗೆರೆಯೊಂದು ಹೋಗಿತ್ತು. ಪರೀಕ್ಷೆಗಳು ಹೇಳಿದ್ದೂ ಕಣ್ಣಿಗೆ ಕಂಡದ್ದೂ ಒಂದೇ ಆಯಿತು.

ಅಳತೆ ಮತ್ತು ಲೇತ್ ಅಂಗಡಿ

ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟ್‌ಗಳು ಬಿಗಿಯಾಗಿ ಹಿಡಿದಿರುವಾಗ ಎಂಜಿನ್ ಮಿತಿಮೀರಿ ಕಾದರೆ ಹಿಗ್ಗಲು ಜಾಗವಿಲ್ಲದ ಹೆಡ್ ಬಾಗುತ್ತದೆ, ತಣ್ಣಗಾದ ಮೇಲೂ ಪೂರ್ತಿ ನೇರವಾಗುವುದಿಲ್ಲ. ಅದಕ್ಕಾಗಿಯೇ ಹೆಡ್ಡನ್ನು ಅಳೆಯದೆ ಹೊಸ ಗ್ಯಾಸ್ಕೆಟ್ ಹಾಕುವ ಕೆಲಸವನ್ನು ನಾನು ದುರಸ್ತಿ ಎಂದು ಕರೆಯಲಾರೆ. ಸ್ಟ್ರೇಟ್ ಎಡ್ಜನ್ನು ಉದ್ದಕ್ಕೆ, ಅಡ್ಡಕ್ಕೆ ಮತ್ತು ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜಿನ ಎಲೆ ತೂರಿಸಿ ನೋಡಿದೆ. ನನ್ನ ಮ್ಯಾನ್ಯುಯಲ್ ಕೊಡುವ ಮಿತಿ 0.05 ಮಿಲಿಮೀಟರ್. ಎರಡು ಮತ್ತು ಮೂರನೆಯ ಸಿಲಿಂಡರುಗಳ ನಡುವೆ 0.08ರ ಎಲೆ ಸಲೀಸಾಗಿ ಹೋಯಿತು. ಬ್ಲಾಕಿನ ಮೇಲ್ಮೈಯಲ್ಲಿ 0.03ರ ಎಲೆ ಬಿಗಿಯಾಗಿ ಹೋಯಿತು, 0.04ರದು ಹೋಗಲಿಲ್ಲ. ಸಿಲಿಂಡರಿನ ಗೋಡೆಗಳಲ್ಲಿ ತಯಾರಿಕೆಯ ಕಾಲದ ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ನಿಲ್ಲುವ ಜಾಗಗಳಲ್ಲಿ ಎರಡನ್ನು ದಾಟಿದಂತಾಯಿತು.

ಹೆಡ್ಡನ್ನು ಲೇತ್ ಅಂಗಡಿಗೆ ಕೊಡುವಾಗ ಮೂರು ಕೆಲಸ ಬರೆದುಕೊಟ್ಟೆ: ಮೊದಲು ಒತ್ತಡ ಹಾಕಿ ಬಿರುಕಿನ ಪರೀಕ್ಷೆ, ಬಿರುಕಿಲ್ಲದಿದ್ದರೆ ಮಾತ್ರ ಮೇಲ್ಮೈ ಹೆರೆಯುವುದು ಮತ್ತು ವಾಲ್ವ್ ಸೀಟುಗಳ ಕೆಲಸ, ಜೊತೆಗೆ ಆ ತುಂಡಾದ ಸ್ಟಡ್. ಎಷ್ಟು ಬೇಕೋ ಅಷ್ಟೇ ಹೆರೆಯಿರಿ ಎಂದು ಒತ್ತಿ ಹೇಳಬೇಕು. ಹೆರೆದಷ್ಟೂ ದಹನಕೋಣೆ ಚಿಕ್ಕದಾಗಿ ಕಂಪ್ರೆಷನ್ ಏರುತ್ತದೆ, ವಾಲ್ವ್‌ಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ, ಕ್ಯಾಮ್ ಕೆಳಗಿಳಿದು ಟೈಮಿಂಗ್ ಕೂದಲೆಳೆಯಷ್ಟು ಹಿಂದಾಗುತ್ತದೆ. ಆದ್ದರಿಂದಲೇ ತಯಾರಕರು ಹೆಡ್ಡಿನ ಕನಿಷ್ಠ ಎತ್ತರವನ್ನು ನಿಗದಿಪಡಿಸಿರುತ್ತಾರೆ. ಬಿರುಕು ಸಿಗಲಿಲ್ಲ, ಹೆಡ್ ವಾಪಸ್ಸು ಬಂದಾಗ ಎತ್ತರವನ್ನು ನಾನೇ ಅಳೆದು ಮಿತಿಯೊಳಗಿದೆಯೆಂದು ಬರೆದುಕೊಂಡೆ, ಸ್ಟ್ರೇಟ್ ಎಡ್ಜನ್ನೂ ಮತ್ತೊಮ್ಮೆ ಇಟ್ಟು ನೋಡಿದೆ.

ಹೆಡ್ ಅಂಗಡಿಯಲ್ಲಿದ್ದಾಗ ಎಂಜಿನ್ ಕಾದದ್ದೇಕೆ ಎಂದು ಹುಡುಕಿದೆ. ಗ್ಯಾಸ್ಕೆಟ್ ತಾನಾಗಿ ಹರಿಯುವುದು ಕಡಿಮೆ. ಅದನ್ನು ಹರಿದ ಕಾರಣ ಹಾಗೆಯೇ ಉಳಿದರೆ ಹೊಸದೂ ಹರಿಯುತ್ತದೆ. ಥರ್ಮೋಸ್ಟ್ಯಾಟನ್ನು ನೀರಿನ ಪಾತ್ರೆಯಲ್ಲಿ ಥರ್ಮಾಮೀಟರಿನ ಜೊತೆ ಬಿಸಿಮಾಡಿದಾಗ ಅದು ತನ್ನ ಮೇಲೆ ಕೊರೆದಿದ್ದ ಉಷ್ಣತೆಯ ಹತ್ತಿರವೇ ತೆರೆಯಿತು. ದೋಷವಿದ್ದದ್ದು ರೇಡಿಯೇಟರ್ ಫ್ಯಾನಿನಲ್ಲಿ. ಕಡಿಮೆ ವೇಗದ ಸುತ್ತಿಗೆ ವಿದ್ಯುತ್ ಕೊಡುವ ರೆಸಿಸ್ಟರ್ ಸುಟ್ಟುಹೋಗಿತ್ತು. ಹೀಗಾಗಿ ಫ್ಯಾನ್ ಮೊದಲ ಹಂತದಲ್ಲಿ ತಿರುಗದೆ, ಉಷ್ಣತೆ ತೀರ ಮೇಲೇರಿದ ಮೇಲೆ ಪೂರ್ಣ ವೇಗದಲ್ಲಿ ಮಾತ್ರ ತಿರುಗುತ್ತಿತ್ತು. ಫ್ಯಾನಿನ ಸದ್ದು ಕೇಳಿದ ಯಾರಿಗಾದರೂ ಅದು ಸರಿಯಾಗಿದೆಯೆಂದೇ ಅನ್ನಿಸುತ್ತಿತ್ತು. ಇಡೀ ದುರಸ್ತಿಯಲ್ಲಿ ಅತಿ ಅಗ್ಗದ ಭಾಗ ಇದು.

ಜೋಡಣೆ

ಬ್ಲಾಕಿನ ಮೇಲ್ಮೈಯನ್ನು ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ದ್ರಾವಕದಿಂದಲೇ ಶುಚಿಗೊಳಿಸಿದೆ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಚಕ್ರಗಳು ಬೇಗ ಕೆಲಸ ಮುಗಿಸುತ್ತವೆ, ಆದರೆ ಅವುಗಳಿಂದ ಉದುರುವ ಅಪಘರ್ಷಕ ಪುಡಿ ಆಯಿಲಿನ ದಾರಿಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಜೊತೆಗೆ ಹಲವು ಪದರಗಳ ಉಕ್ಕಿನ ಗ್ಯಾಸ್ಕೆಟ್ಟಿಗೆ ಬೇಕಾದ ನಯವಾದ ಸಮತಲವನ್ನೂ ಅವು ಅಲ್ಲಲ್ಲಿ ತಗ್ಗು ಮಾಡುತ್ತವೆ. ಬೋಲ್ಟ್ ರಂಧ್ರಗಳ ತಳದಲ್ಲಿ ಆಯಿಲ್ ಅಥವಾ ಕೂಲೆಂಟ್ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಆ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಬಿರಿಯಬಹುದು. ಹಾಗಾಗಿ ಪ್ರತಿ ರಂಧ್ರವನ್ನೂ ಕನ್ನಡಕ ಹಾಕಿಕೊಂಡು ಗಾಳಿಯಿಂದ ಊದಿ ಒಣಗಿಸಿದೆ.

ಬೋಲ್ಟ್‌ಗಳು ಹೊಸವು, ಏಕೆಂದರೆ ಈ ಎಂಜಿನ್ನಿನವು ಬಿಗಿಯುವಾಗ ತಮ್ಮ ಸ್ಥಿತಿಸ್ಥಾಪಕತೆಯ ಮಿತಿಯವರೆಗೆ ಎಳೆಯಲ್ಪಡುವ, ಒಂದು ಬಾರಿಗೆ ಮಾತ್ರ ಬಳಸುವ ಬಗೆಯವು. ಬರೀ ಟಾರ್ಕ್ ಅಂಕಿ ಕೊಡದೆ ಕೋನವನ್ನೂ ಕೊಡುವುದು ಏಕೆ ಎಂಬುದು ತಿಳಿದಿದ್ದರೆ ಈ ಹಂತದಲ್ಲಿ ಎಚ್ಚರ ತಾನಾಗಿ ಬರುತ್ತದೆ. ಬೋಲ್ಟಿಗೆ ಕೊಟ್ಟ ಟಾರ್ಕಿನಲ್ಲಿ ಸುಮಾರು ಹತ್ತನೆಯ ಒಂದು ಭಾಗವಷ್ಟೇ ಬೋಲ್ಟನ್ನು ಎಳೆಯಲು ಒದಗುತ್ತದೆ, ಉಳಿದದ್ದೆಲ್ಲ ತಲೆಯಡಿಯ ಮತ್ತು ಮರೆಗಳ (ಥ್ರೆಡ್ಡುಗಳ) ಘರ್ಷಣೆಗೆ ಹೋಗುತ್ತದೆ. ಮರೆ ಸ್ವಲ್ಪ ಒಣಗಿದ್ದರೂ ರೆಂಚ್ ಅದೇ ಅಂಕಿ ತೋರಿಸುತ್ತದೆ, ಹಿಡಿತ ಮಾತ್ರ ಕಡಿಮೆಯಿರುತ್ತದೆ. ಕೋನ ಹಾಗಲ್ಲ, ಇಷ್ಟು ತಿರುಗಿದರೆ ಬೋಲ್ಟ್ ಇಷ್ಟು ಎಳೆದುಕೊಳ್ಳಬೇಕು ಎಂಬುದು ಮರೆಯ ಅಂತರದಿಂದಲೇ ನಿಶ್ಚಯವಾಗುತ್ತದೆ. ನನ್ನ ಮ್ಯಾನ್ಯುಯಲ್ಲಿನ ಕ್ರಮದಂತೆ ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಹೋಗುತ್ತ, ಮೊದಲು 40 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಬಿಗಿದೆ. ಪ್ರತಿ ಸುತ್ತಿನಲ್ಲೂ ಮುಗಿದ ಬೋಲ್ಟಿನ ತಲೆಗೆ ಬೇರೆ ಬಣ್ಣದ ಚುಕ್ಕೆ ಇಟ್ಟದ್ದರಿಂದ ಯಾವುದಾದರೂ ಬಿಟ್ಟುಹೋಯಿತೇ ಎಂಬ ಅನುಮಾನ ಉಳಿಯಲಿಲ್ಲ.

ಹೇಗೂ ಮುಂಭಾಗ ಬಿಚ್ಚಿದ್ದರಿಂದ ನೀರಿನ ಪಂಪ್, ಟೆನ್ಷನರ್ ಮತ್ತು ಟೈಮಿಂಗ್ ಬೆಲ್ಟ್ ಮೂರನ್ನೂ ಹೊಸದಾಗಿ ಹಾಕಿದೆ. ಲಾಕಿಂಗ್ ಉಪಕರಣಗಳನ್ನು ತೆಗೆದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಒಂದು ಸುತ್ತು ಮುಗಿಸುವುದರಿಂದ ಪ್ರತಿಯೊಂದು ವಾಲ್ವೂ ಒಮ್ಮೆ ತೆರೆದು ಮುಚ್ಚುತ್ತದೆ. ಎಲ್ಲಿಯಾದರೂ ತಡೆ ಸಿಕ್ಕಿದರೆ ಬಲ ಹಾಕದೆ ನಿಲ್ಲಬೇಕು. ತಡೆ ಸಿಗಲಿಲ್ಲ, ಗುರುತುಗಳು ಮತ್ತೆ ಕೂಡಿದವು. ಕೆಲಸ ಸರಿಯೆಂದು ಚಾಲೂ ಮಾಡುವ ಮೊದಲೇ ಹೇಳಬಹುದೆಂಬ ನನ್ನ ಗೆರೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಹೊಸ ಆಯಿಲ್, ಹೊಸ ಫಿಲ್ಟರ್, ಡಿಸ್ಟಿಲ್ಡ್ ನೀರಿಗೆ ಸಮಪ್ರಮಾಣದಲ್ಲಿ ಬೆರೆಸಿದ ಕೂಲೆಂಟ್ ತುಂಬಿದೆ. ಇಂಧನ ಮತ್ತು ಇಗ್ನಿಷನ್ ಕಡಿದಿಟ್ಟು ಆಯಿಲ್ ದೀಪ ಆರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ, ಆಮೇಲೆ ಚಾಲೂ ಮಾಡಿದೆ. ಹೀಟರನ್ನು ಪೂರ್ಣ ಬಿಸಿಗೆ ಇಟ್ಟು ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಕಾದೆ. ಫ್ಯಾನ್ ಈಗ ಮೊದಲ ಹಂತದಲ್ಲೇ ತಿರುಗಿ ಮುಳ್ಳನ್ನು ನಡುವಿನಲ್ಲಿ ಹಿಡಿದಿಟ್ಟಿತು. ಬಿಚ್ಚುವಾಗ ಒಳಗೆ ಬಿದ್ದಿರಬಹುದಾದ ಕೂಲೆಂಟ್ ಆಯಿಲಿಗೆ ಸೇರಿರುವ ಸಾಧ್ಯತೆ ಇದ್ದದ್ದರಿಂದ ಸ್ವಲ್ಪ ಓಡಿಸಿದ ಮೇಲೆ ಆಯಿಲ್ ಮತ್ತು ಫಿಲ್ಟರ್ ಇನ್ನೊಮ್ಮೆ ಬದಲಿಸಿದೆ.

ಮೊದಲು ಮಾಡಿದ ಪರೀಕ್ಷೆಗಳನ್ನೇ ಅದೇ ಉಪಕರಣಗಳಿಂದ ಮತ್ತೆ ಮಾಡಿದೆ. ನೀಲಿ ದ್ರವ ನೀಲಿಯಾಗಿಯೇ ಉಳಿಯಿತು. ಕಂಪ್ರೆಷನ್ 12.7, 12.6, 12.5 ಮತ್ತು 12.7 ಬಾರ್, ವಾಲ್ವ್ ಸೀಟುಗಳ ಕೆಲಸ ಮತ್ತು ಹೆರೆದ ಮೇಲ್ಮೈ ಎರಡೂ ಸೇರಿ ಎಲ್ಲ ಅಂಕಿಗಳನ್ನೂ ತುಸು ಏರಿಸಿವೆ. ಬಿಸಿ ಎಂಜಿನ್ನಿನ ಆಯಿಲ್ ಒತ್ತಡ ಮೊದಲಿನಷ್ಟೇ ಇದೆ. ಅದು ಇಳಿಯತೊಡಗಿದರೆ ಮುಂದಿನ ಕೆಲಸ ಬೇರಿಂಗುಗಳದ್ದು, ಅದನ್ನು ಎಂಜಿನ್ ಸಮೇತ ಬೋರ್ ಗೇಜ್ ಇರುವವರಿಗೇ ಕೊಡುತ್ತೇನೆ.